ದೊಡ್ಡ ಗಡಿಯಾರದ ಹಿಂದಿನ ತಟ್ಟೆ

"ಕ್ಯಾಮೆರಾ ಆಫ್ ಮಾಡೋ ಹಾಗಿಲ್ಲ."

ವಕೀಲೆ ಇದನ್ನು ಹೇಳಿದ ದನಿಗೆ, ಜಪ್ತಿ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ಕಾವಲುಗಾರ ದಡಬಡಿಸಿ ಎದ್ದು ನಿಂತ.

"ಬ್ಯಾಟರಿ ಉಳೀಲಿ ಅಂತ ಅಷ್ಟೇ ಮೇಡಂ," ಎಂದ ಜಪ್ತಿ ಅಧಿಕಾರಿ. ನುಣ್ಣಗೆ ಬಾಚಿದ ತಲೆ, ಇಸ್ತ್ರಿ ಮುರಿಯದ ಅಂಗಿ, ಏನು ಬೈದರೂ ಮಾಸದ ನಗು. ಆ ನಗು ಕಂಡರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ನನ್ನ ಕಕ್ಷಿದಾರರ ಅಡುಗೆಮನೆ ಡಬ್ಬಗಳನ್ನ ಒಂದೊಂದಾಗಿ ಬಗ್ಗಿಸಿ ತೋರಿಸೋವಾಗ ಬ್ಯಾಟರಿ ಇತ್ತಲ್ಲ? ಬೀರು ತೆಗೆದು ಬಟ್ಟೆ ನೆಲಕ್ಕೆ ಎಸೆಯೋವಾಗ ಇತ್ತಲ್ಲ? ಇವತ್ತೂ ಇರಲಿ. ಇಲ್ಲಿ ಆಡಿದ ಒಂದೊಂದು ಮಾತೂ ದಾಖಲಾಗ್ಬೇಕು. ಮಹಜರಲ್ಲೂ ಬರೀಬೇಕು. ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆದು ಹಲ್ಲು ಕಡಿದಳೋ! ಅದು ಆಮೇಲಿನ ಕಥೆ.

ಕೋರ್ಟಿನ ಕಾರಿಡಾರಿನಲ್ಲಿ ಈ ವಕೀಲೆಗೆ ಬೆಂಕಿಪೊಟ್ಟಣ ಎಂದು ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಅಷ್ಟು ಧೈರ್ಯ ಯಾರಿಗಿದೆ? ಕಾನೂನಿನ ದಪ್ಪ ದಪ್ಪ ಪುಸ್ತಕಗಳನ್ನೆಲ್ಲ ಅರೆದು ಕುಡಿದವಳು. ಸಿಟ್ಟು ನುಂಗುವುದು ಹೇಗೆಂದು ಮಾತ್ರ ಯಾವ ಪುಸ್ತಕವೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಈ ಪ್ರಕರಣ ಕೈಗೆ ಬಂದ ಐದು ತಿಂಗಳಲ್ಲಂತೂ ಅದು ಇಳಿದದ್ದೇ ಇಲ್ಲ.

ಇಳಿಯುವುದಾದರೂ ಹೇಗೆ ಹೇಳಿ? ಸುಂಕದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮ ಕಳ್ಳಸಾಗಣೆಯವರ ಜೊತೆ ಸೇರಿಕೊಂಡನಂತೆ. ಚಿನ್ನದ ಗಟ್ಟಿಗಳು ಸಿಕ್ಕಿದ್ದು ಅಕ್ಕನ ಗಡಿಯಾರ ರಿಪೇರಿ ಅಂಗಡಿಯಲ್ಲಿ, ಅಪ್ಪನ ಕಾಲದ ಆಳೆತ್ತರದ ದೊಡ್ಡ ಗಡಿಯಾರದ ಹೊಟ್ಟೆಯೊಳಗೆ. ತಮ್ಮ ಜೈಲಿಗೆ ಹೋದ. ಅಕ್ಕನ ಮೇಲೆ ಕೇಸೂ ಇಲ್ಲ, ಕಾಗದವೂ ಇಲ್ಲ. ಆದರೆ ಅವಳ ಅಂಗಡಿಗೆ ಬೀಗ, ಅಂಗಡಿಯ ಮೇಲಿನ ಮನೆಗೆ ಬೀಗ, ಬ್ಯಾಂಕಿನ ಖಾತೆಗೆ ತಡೆ. ಅಪರಾಧಕ್ಕೆ ಬಳಸಿದ ಜಾಗವಂತೆ! ಉಡುವ ಬಟ್ಟೆ ಹೊರಗೆ ತರಲು ಅರ್ಜಿ ಹಾಕಿದರೆ ಅಪ್ಪಣೆ ಸಿಗಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನ ಆ ಹೆಂಗಸು ಗೆಳತಿಯ ಮನೆಯಲ್ಲಿ ಗೆಳತಿಯ ಬಟ್ಟೆ ಉಟ್ಟುಕೊಂಡು ಕೂತಿದ್ದಳು.

ಸೋಮವಾರ ನ್ಯಾಯಾಧೀಶರು ಜಪ್ತಿ ಆದೇಶ ಕಾಯಂ ಮಾಡಿದರೆ ಮುಗಿಯಿತು, ಅಂಗಡಿ ಮನೆ ಎರಡೂ ಸರ್ಕಾರದ ಪಾಲು. ತಪ್ಪಿಸಿಕೊಳ್ಳಲು ಕಾನೂನಿನಲ್ಲಿ ವಕೀಲೆಗೆ ಕಂಡಿದ್ದು ಒಂದೇ ಬಾಗಿಲು. ತನ್ನ ಜಾಗದಲ್ಲಿ ಚಿನ್ನ ಇತ್ತೆಂದು ಮಾಲೀಕಳಿಗೆ ಗೊತ್ತಿರಲಿಲ್ಲ ಎಂದು ತೋರಿಸಬೇಕು.

ಇವತ್ತು ಶುಕ್ರವಾರ. ಮಧ್ಯಾಹ್ನ ಮೂರು ಗಂಟೆ. ಜಪ್ತಿಯಾದ ವಸ್ತುಗಳನ್ನು ನೋಡಲು ಕೋರ್ಟು ಕೊಟ್ಟಿದ್ದು ಒಂದೇ ಒಂದು ಗಂಟೆ.

ನೆಲಮಾಳಿಗೆಯ ಉದ್ದನೆಯ ಕೋಣೆ ಅದು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಪ್ರತಿಯೊಂದು ಸಾಮಾನಿಗೂ ದಾರದಲ್ಲಿ ಕಟ್ಟಿದ ಚೀಟಿ. ಯಾರದೋ ಹೊಲಿಗೆ ಯಂತ್ರ, ಯಾರದೋ ಮೂರು ಗಾಲಿಯ ಮಕ್ಕಳ ಸೈಕಲ್ಲು. ಮಧ್ಯದ ಕಪಾಟಿನಲ್ಲಿ ಮೂವತ್ತೆಂಟು ಗಡಿಯಾರಗಳು. ಬ್ಯಾಟರಿಯವು ಇನ್ನೂ ಟಿಕ್ ಟಿಕ್ ಅನ್ನುತ್ತಿದ್ದವು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಕೀ ಕೊಡುವಂಥವು ಎಂದೋ ನಿಂತುಹೋಗಿದ್ದವು.

"ಇವು ಯಾವುವೂ ನನ್ನ ಕಕ್ಷಿದಾರರದ್ದಲ್ಲ," ಎಂದಳು ವಕೀಲೆ, ಕ್ಯಾಮೆರಾ ಕಡೆ ತಿರುಗಿ. "ರಿಪೇರಿಗೆ ಬಂದಿದ್ದವು. ಇದು ಎದುರು ಬೀದಿ ದರ್ಜಿಯದ್ದು. ಇದು ಆಸ್ಪತ್ರೆ ನರ್ಸಮ್ಮಂದು, ಅವರು ಈಗ ನಾಡಿ ಎಣಿಸೋಕೆ ಪಕ್ಕದೋರ ವಾಚು ಕೇಳ್ತಾರೆ. ಇದು ಶಾಲೆ ಗೋಡೆದು. ಶಾಲೆ ಮಕ್ಕಳೂ ಕಳ್ಳಸಾಗಣೆ ಮಾಡ್ತಿದ್ರಾ?"

"ಪರಿಶೀಲನೇಲಿದೆ ಮೇಡಂ."

"ಐದು ತಿಂಗಳಿಂದ ಪರಿಶೀಲನೇಲಿದೆ! ಅಷ್ಟರಲ್ಲಿ ಮಕ್ಕಳು ಪರೀಕ್ಷೆ ಬರೆದು ಮುಂದಿನ ತರಗತಿಗೆ ಹೋದ್ರು."

ಕಾವಲುಗಾರ ಮುಸಿ ಮುಸಿ ನಕ್ಕ. ಅಧಿಕಾರಿ ಅವನತ್ತ ನೋಡಿದ ಮೇಲೆ ಕೆಮ್ಮಿದ.

"ಮತ್ತೆ ಆ ಫೋನು? ನಿಮಗೆ ಸುಳಿವು ಕೊಟ್ಟಿದ್ದು ಯಾರು ಅಂತ ಇವತ್ತಾದ್ರೂ ಹೇಳ್ತೀರಾ?"

"ಎಷ್ಟು ಸಲ ಕೇಳಿದ್ರೂ ಅದೇ ಉತ್ತರ ಮೇಡಂ. ಯಾರೋ ಹೆಂಗಸು. ಬಸ್ ನಿಲ್ದಾಣದ ಫೋನಿಂದ ಮಾಡಿದ್ರು. ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಫೋನ್ ಬಂತು, ಇಪ್ಪತ್ತೊಂದಕ್ಕೆ ನಾವು ದಾಳಿ ಮಾಡಿದ್ವಿ. ಹೆಸರು ಹೇಳ್ಲಿಲ್ಲ. ಎಲ್ಲಾ ಫೈಲಲ್ಲಿದೆ."

ಗಡಿಯಾರದಕ್ಕ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ, ಅವಳಿಗಿಂತ ದೊಡ್ಡವರೂ ಅಕ್ಕ ಅಂತಲೇ ಅನ್ನುತ್ತಾರೆ. ನಲವತ್ತೈದರ ಸಣ್ಣ ಮೈಕಟ್ಟಿನ ಹೆಂಗಸು, ಬಲಗಣ್ಣಿನ ಸುತ್ತ ಮಸೂರ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಬಿದ್ದ ಗೆರೆಗಳು. ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅದರ ತುಂಬ ತಮ್ಮ ಜೈಲಿನಿಂದ ಬರೆದ ಕಾಗದಗಳು, ವಾರಕ್ಕೊಂದರ ಹಾಗೆ. ಎಲ್ಲಿ ಹೋದರೂ ಅವನ್ನು ಬಿಟ್ಟು ಹೋಗುತ್ತಿರಲಿಲ್ಲ.

"ಕೀ ಕೊಡದೆ ಬಿಟ್ರೆ ಒಳಗೆ ಎಣ್ಣೆ ಗಟ್ಟಿಯಾಗುತ್ತೆ ಸಾರ್," ಎಂದು ಅಧಿಕಾರಿಗೆ ಹೇಳಿದಳು. "ನಾಲ್ಕೇ ಸುತ್ತು. ಕೊಟ್ಟುಬಿಡ್ಲಾ?"

"ಮುಟ್ಟಬೇಡಿ."

ಅಕ್ಕ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಬೆಂಕಿಪೊಟ್ಟಣಕ್ಕೆ ಕರುಳು ಚುರ್ರೆಂದಿತು. ಮರುಕ್ಷಣವೇ ಅದು ಸಿಟ್ಟಾಯಿತು. ಅವಳಿಗೆ ಎಲ್ಲವೂ ಕೊನೆಗೆ ಸಿಟ್ಟೇ ಆಗುತ್ತಿತ್ತು.

ಮೂಲೆಯಲ್ಲಿ ದೊಡ್ಡ ಗಡಿಯಾರ ನಿಂತಿತ್ತು. ಕಪ್ಪು ಮರದ ಪೆಟ್ಟಿಗೆ, ಹಳದಿಗಟ್ಟಿದ ಮುಖ, ಮುಳ್ಳುಗಳು ಏಳೂವರೆಗೆ ನಿಂತಿವೆ. ದಾಳಿಗೆ ಬಂದವರು ಹಾರೆ ಹಾಕಿ ಪಕ್ಕದ ಹಲಗೆ ಸೀಳಿ ಚಿನ್ನ ಎಳೆದುಕೊಂಡಿದ್ದರು. ಸೀಳು ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಹಿಂಬದಿಯಲ್ಲಿ ದೊಡ್ಡ ಹಿತ್ತಾಳೆ ತಟ್ಟೆ, ನಾಲ್ಕು ಮೂಲೆಗೆ ನಾಲ್ಕು ತಿರುಪು. ಆ ತಟ್ಟೆಗೆ ಮಾತ್ರ ಯಾರೂ ಕೈ ಹಚ್ಚಿರಲಿಲ್ಲ.

"ಮೇಡಂ," ಅಕ್ಕ ಮೆಲ್ಲಗೆ ವಕೀಲೆಯ ತೋಳು ಹಿಡಿದಳು. "ದೊಡ್ಡದನ್ನ ಬಿಚ್ಚೋದು ಬೇಡ. ಗಿರಾಕಿಗಳ ಗಡಿಯಾರ ಬಿಡಿಸ್ಕೊಡಿ, ಸಾಕು. ಅವರಿಗೆ ಮುಖ ತೋರ್ಸೋಕಾಗ್ತಿಲ್ಲ."

"ಮೂರು ದಿನದಿಂದ ಇದನ್ನೇ ಹೇಳ್ತಾ ಇದೀರಿ."

"ಅಪ್ಪ ಕೊನೇಲಿ ಮುಟ್ಟಿದ್ದು ಅದು. ಅವರು ಹೋದ ದಿನ ನಿಂತಿದ್ದು, ಹಾಗೇ ಇರಲಿ ಅಂತ ಬಿಟ್ಟಿದ್ದೆ."

"ಗೊತ್ತು ಅಕ್ಕ. ಪ್ರಮಾಣಪತ್ರದಲ್ಲೂ ಅದನ್ನೇ ಬರೆದಿದೀವಲ್ಲ, ಅಪ್ಪ ಹೋದ ಮೇಲೆ ನಾನು ಇದನ್ನ ಬಿಚ್ಚಿಲ್ಲ ಅಂತ. ನೀವೇ ರುಜು ಹಾಕಿದೀರಿ. ಗಡಿಯಾರ ನೋಡ್ಕೊಂಡು ಕೂತ್ರೆ ಅಪ್ಪನ ಅಂಗಡಿ ಹೋಗುತ್ತೆ. ಸುಮ್ನಿರಿ, ನನಗೆ ಬಿಡಿ."

ಅಕ್ಕ ತೋಳು ಬಿಟ್ಟಳು. ಪಾಪ, ಅಪ್ಪನ ನೆನಪು ಅಂದುಕೊಂಡಳು ವಕೀಲೆ. ಅಷ್ಟಕ್ಕೇ ಬಿಟ್ಟಳು. ಎದುರಾಳಿಯ ಮಾತಿನಲ್ಲಿ ಸಾಸಿವೆಯಷ್ಟು ಅನುಮಾನ ಕಂಡರೂ ಕೆದಕಿ ಕೆದಕಿ ತೆಗೆಯುವ ಹೆಂಗಸು, ತನ್ನವರ ಮಾತನ್ನು ಮುಟ್ಟಿಯೂ ನೋಡಲಿಲ್ಲ.

ಯಾಕೆಂದರೆ ಅವಳ ತಲೆಯಲ್ಲಿ ಇದ್ದದ್ದು ಟಪಾಲಣ್ಣನ ವಾಚು.

ಟಪಾಲಣ್ಣ ಎಂದರೆ ನಿವೃತ್ತ ಅಂಚೆಯವನು, ಅಂಗಡಿಯ ಹಳೇ ಗಿರಾಕಿ. ದಾಳಿಯ ಹಿಂದಿನ ದಿನವಷ್ಟೇ ವಾಚು ಬಿಡಿಸಿಕೊಂಡು ಹೋಗಿದ್ದ ಅದೃಷ್ಟವಂತ. ಸೋಮವಾರ ಅಕ್ಕನ ಪರವಾಗಿ ಸಾಕ್ಷಿ ಹೇಳುತ್ತೇನೆಂದು ಮೊನ್ನೆ ವಕೀಲೆಯ ಆಫೀಸಿಗೆ ಬಂದವನು, ಮಾತಿನ ಮಧ್ಯೆ ವಾಚಿನ ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದ.

"ನೋಡಿ ತಾಯಿ, ನನ್ನ ಸರ್ವೀಸಿಗಿಂತ ಇದರದ್ದೇ ಹೆಚ್ಚು," ಎಂದಿದ್ದ.

ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಗೀರಿದ ಸಣ್ಣ ಸಣ್ಣ ಅಂಕಿಗಳು. ವಾಚು ಬಿಚ್ಚಿದ ಪ್ರತಿ ಸಲದ ತಾರೀಕು. ತಾರೀಕಿನ ಪಕ್ಕ ಒಂದೊಂದು ಗುರುತು. ಚುಕ್ಕಿ ಇದ್ದರೆ ಬಿಚ್ಚಿದ್ದು ಯಜಮಾನರು, ಅಂದರೆ ಅಕ್ಕನ ಅಪ್ಪ. ಕತ್ತರಿ ಇದ್ದರೆ ಅವರ ಹಳೇ ಕೆಲಸಗಾರ. ಅರ್ಧಚಂದ್ರ ಇದ್ದರೆ ಅಕ್ಕ. ಬಿಚ್ಚಿದ ಗಡಿಯಾರಕ್ಕೆ ತಾರೀಕು ಹಾಕದೆ ಮುಚ್ಚಬಾರದೆಂದು ಯಜಮಾನರು ಇಬ್ಬರಿಗೂ ಕೈ ಮೇಲೆ ಹೊಡೆದು ಹೊಡೆದು ಕಲಿಸಿದ್ದರಂತೆ. ಮುಂದೆ ಬಿಚ್ಚುವವನಿಗೆ, ಹಿಂದೆ ಬಿಚ್ಚಿದವನು ಯಾರೆಂದು ಗೊತ್ತಾಗಬೇಕಲ್ಲ.

ಬೆಂಕಿಪೊಟ್ಟಣ ಕುರ್ಚಿಯಿಂದ ಎದ್ದೇ ನಿಂತಿದ್ದಳು. ಆ ಹಳೇ ಕೆಲಸಗಾರ ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು!

ಅವನೇ ಈಗ ಗೋದಾಮಿನ ಮೆಟ್ಟಿಲಿಳಿದು ಬರುತ್ತಿದ್ದ. ಜಪ್ತಿ ಇಲಾಖೆಯ ನೇಮಕದ ಮೌಲ್ಯಮಾಪಕ. ಅರವತ್ತು ದಾಟಿದ ಗೂನುಬೆನ್ನು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಮಸೂರ. ಊರಿಗೆಲ್ಲ ಅವನು ಭೂತಗನ್ನಡಿ. ಹದಿನೆಂಟು ವರ್ಷ ಅಕ್ಕನ ಅಪ್ಪನ ಅಂಗಡಿಯಲ್ಲಿ ಕೂತವನು, ಯಾವುದೋ ಮಾತಿಗೆ ಮುನಿಸಿಕೊಂಡು ಬಿಟ್ಟು ಹೋಗಿದ್ದ. ಅವನ ಕೈಯಿಂದಲೇ ಇಲಾಖೆ ದೊಡ್ಡ ಗಡಿಯಾರದ ವರದಿ ಬರೆಸಿತ್ತು.

"ಬನ್ನಿ, ಬನ್ನಿ," ಎಂದಳು ವಕೀಲೆ. "ನಿಮಗೇ ಕಾಯ್ತಿದ್ವಿ."

ಭೂತಗನ್ನಡಿ ಅವಳನ್ನು ನೋಡಲಿಲ್ಲ. ಅಕ್ಕನನ್ನು ನೋಡಿದ. "ಚೆನ್ನಾಗಿದೀಯಾ ಪುಟ್ಟಿ?" ಎಂದ.

"ಇದೀನಿ ಮಾಮ."

ನೋಡಿ, ಎಂಥಾ ನಾಟಕ! ಅನ್ನ ಹಾಕಿದ ಅಂಗಡಿಯ ಬಾಗಿಲಿಗೆ ಬೀಗ ಬೀಳಲು ವರದಿ ಬರೆದುಕೊಟ್ಟು ಪುಟ್ಟಿಯಂತೆ, ಪುಟ್ಟಿ! ಬೆಂಕಿಪೊಟ್ಟಣ ಚೀಲದಿಂದ ವರದಿ ತೆಗೆದು ಕ್ಯಾಮೆರಾ ಎದುರು ಹಿಡಿದಳು.

"ಇದು ನಿಮ್ಮ ವರದಿ ತಾನೆ?"

"ಹೌದು."

"ನಾಲ್ಕನೇ ಪುಟ. ಹಿಂದಿನ ತಟ್ಟೆ ಬಿಚ್ಚದೆ ಚಿನ್ನ ಒಳಗಿಡೋಕಾಗಲ್ಲ, ಕಸುಬು ಗೊತ್ತಿದ್ದೋರಿಗೆ ಮಾತ್ರ ಆ ತಟ್ಟೆ ಬಿಚ್ಚೋಕೆ ಬರುತ್ತೆ ಅಂತ ಬರೆದಿದೀರಿ."

"ಅವರು ಕೇಳಿದ್ರು. ಇದ್ದಿದ್ದು ಬರ್ದೆ."

"ಅದನ್ನ ಹಿಡ್ಕೊಂಡೇ ಇವರು ಕೋರ್ಟಲ್ಲಿ ವಾದ ಮಾಡ್ತಿರೋದು. ತಮ್ಮನಿಗೆ ಕಸುಬು ಗೊತ್ತಿಲ್ಲ, ಹಾಗಾಗಿ ಬಿಚ್ಚಿಕೊಟ್ಟೋಳು ಅಕ್ಕನೇ ಅಂತ. ಇನ್ನೊಬ್ಬರಿಗೂ ಬಿಚ್ಚೋಕೆ ಬರುತ್ತೆ ಅನ್ನೋದು ಯಾರಿಗೂ ಹೊಳೀಲೇ ಇಲ್ಲ. ಅಲ್ವಾ?"

ಭೂತಗನ್ನಡಿ ಮಸೂರದ ದಾರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

"ಐದನೇ ಪುಟ," ಎಂದಳು ಅವಳು. ಈಗ ದನಿ ಇನ್ನೂ ಮೇಲಕ್ಕೇರಿತ್ತು. "'ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ. ತಟ್ಟೆಯ ಒಳಭಾಗ ನೋಡಲಾಗಲಿಲ್ಲ.' ಎಲ್ರೀ ತುಕ್ಕು? ಹಿತ್ತಾಳೆ ತಿರುಪಿಗೆ ತುಕ್ಕು ಹಿಡಿಯೋದು ನಿಮ್ಮೂರಲ್ಲಾ?"

"ಬಿಗಿಯಾಗಿತ್ತು ಅಂತ…"

"ಬಿಗಿಯಾಗದೆ ಏನಾಗುತ್ತೆ? ಅವು ಉಲ್ಟಾ ತಿರುಪು! ಬಿಚ್ಚೋ ಕಡೆ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ. ಯಜಮಾನರು ಬೇಕಂತಲೇ ಹಾಗೆ ಮಾಡ್ಸಿದ್ರು, ಕಂಡಕಂಡೋರು ಕೈ ಹಾಕ್ಬಾರ್ದು ಅಂತ. ಅಕ್ಕ ನನಗೆ ಮೊದಲ್ನೇ ದಿನವೇ ಹೇಳಿದ್ರು. ಹದಿನೆಂಟು ವರ್ಷ ಆ ಗಡಿಯಾರದ ಪಕ್ಕ ಕೂತೋರಿಗೆ ಅದು ಗೊತ್ತಿಲ್ವಾ? ಯಾರ ಕಣ್ಣಿಗೆ ಮಣ್ಣೆರಚ್ತೀರಿ?"

ಅಧಿಕಾರಿಯ ನಗು ಮೊದಲ ಬಾರಿಗೆ ಸ್ವಲ್ಪ ಸೊರಗಿತು. ಅವನು ಭೂತಗನ್ನಡಿಯತ್ತ ಹೊಸದಾಗಿ ನೋಡಿದ. ತನ್ನ ಕಡೆಯ ಮನುಷ್ಯ ತನಗೇ ಸುಳ್ಳು ಬರೆದುಕೊಟ್ಟನೆ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

"ಉಲ್ಟಾ ತಿರುಪಾ?" ಎಂದು ಕೇಳಿದ.

ಭೂತಗನ್ನಡಿ ಅವನ ಕಡೆ ತಿರುಗದೆ ವಕೀಲೆಯ ಹತ್ತಿರ ಬಂದ. ಹತ್ತಿರದಿಂದ ಅವನ ಮೈಗೆ ಯಂತ್ರದ ಎಣ್ಣೆಯ ವಾಸನೆ ಇತ್ತು.

"ಮೇಡಂ, ಒಂದ್ನಿಮಿಷ ಹೊರಗೆ ಬನ್ನಿ. ನಿಮ್ಮ ಹತ್ರ ಮಾತ್ರ ಒಂದು ಮಾತು ಹೇಳ್ಬೇಕು."

"ಹೇಳೋದಿದ್ರೆ ಇಲ್ಲೇ ಹೇಳಿ. ಕ್ಯಾಮೆರಾ ಮುಂದೆ."

"ಇಲ್ಲಿ ಹೇಳೋದಲ್ಲ ಮೇಡಂ. ಕೈ ಮುಗೀತೀನಿ."

"ಈಗ ಕೈ ಮುಗೀತೀರಾ? ಈ ಹೆಂಗಸು ಐದು ತಿಂಗಳಿಂದ ಯಾರ್ಯಾರಿಗೆಲ್ಲ ಕೈ ಮುಗಿದ್ಲು ಗೊತ್ತಾ? ಬಟ್ಟೆಗೆ ಕೈ ಮುಗಿದ್ಲು. ತನ್ನದೇ ಸ್ಕ್ರೂಡ್ರೈವರಿಗೆ ಕೈ ಮುಗಿದ್ಲು. ಅವಾಗೆಲ್ಲಿದ್ರಿ ನೀವು?"

"ಮೇಡಂ, ನಿಮ್ಮ ಒಳ್ಳೇದಕ್ಕೇ…"

"ನನ್ನ ಒಳ್ಳೇದು ನಾನು ನೋಡ್ಕೋತೀನಿ. ತಟ್ಟೆ ಬಿಚ್ಚಿ."

ಮುದುಕನ ಕಣ್ಣು ಅಕ್ಕನ ಕಡೆ ಹೋಯಿತು. ಅಕ್ಕ ತಲೆ ತಗ್ಗಿಸಿಕೊಂಡಿದ್ದಳು, ಕೈಚೀಲ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಬೆಂಕಿಪೊಟ್ಟಣ ಅದನ್ನು ಕಂಡಳು. ಕಂಡರೂ, ದ್ರೋಹ ಮಾಡಿದ ಮಾಮನ ಮುಖ ನೋಡಲಾರದೆ ಹಾಗೆ ನಿಂತಿದ್ದಾಳೆ ಎಂದೇ ತಿಳಿದಳು. ಸಿಟ್ಟು ಬಂದಾಗ ಮನುಷ್ಯನಿಗೆ ಕಣ್ಣು ಎರಡೂ ಇರುತ್ತವೆ, ಆದರೆ ತನಗೆ ಬೇಕಾದ್ದಷ್ಟೇ ಕಾಣುತ್ತದೆ.

"ನಾನು ಬಿಚ್ಚಲ್ಲ," ಎಂದ ಭೂತಗನ್ನಡಿ.

"ಕೋರ್ಟಿನ ಆದೇಶ ಇದೆ."

"ಇರಲಿ. ಬೇಕಾದ್ರೆ ನನ್ನ ಮೇಲೆ ಕೇಸ್ ಹಾಕಿ. ಯಜಮಾನ್ರ ಗಡಿಯಾರ, ನನ್ನ ಕೈಯಾರೆ ಬಿಚ್ಚಲ್ಲ."

"ಬರ್ಕೊಳ್ಳಿ!" ಬೆಂಕಿಪೊಟ್ಟಣ ಅಧಿಕಾರಿಯತ್ತ ತಿರುಗಿ ಗುಡುಗಿದಳು. "ಇಲಾಖೆ ಮೌಲ್ಯಮಾಪಕರು ಕೋರ್ಟಿನ ಆದೇಶ ಪಾಲಿಸೋಕೆ ಒಪ್ಪಲಿಲ್ಲ ಅಂತ ಬರ್ಕೊಳ್ಳಿ. ಯಾಕೆ ಒಪ್ಪಲಿಲ್ಲ ಅನ್ನೋದನ್ನ ಸೋಮವಾರ ನಾನೇ ಹೇಳ್ತೀನಿ. ಮೇಜಿನ ಮೇಲಿರೋ ಆ ಸ್ಕ್ರೂಡ್ರೈವರ್ ಕೊಡಿ ಇಲ್ಲಿ."

ಅಧಿಕಾರಿ ಕೊಟ್ಟ. ಅವನಿಗೂ ಈಗ ಕುತೂಹಲ ಕೆರಳಿತ್ತು. ತಾನೇ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತ. ಕಾವಲುಗಾರ ಕ್ಯಾಮೆರಾವನ್ನು ಹತ್ತಿರ ತಂದ.

ಮೊದಲ ತಿರುಪಿಗೆ ಸ್ಕ್ರೂಡ್ರೈವರ್ ಕೊಟ್ಟು ಬಲಕ್ಕೆ ತಿರುಗಿಸಿದಳು. ಕಿರ್ರ್ ಅನ್ನಲಿಲ್ಲ, ಕಚ್ಚಲಿಲ್ಲ. ಬೆಣ್ಣೆಯಲ್ಲಿ ಇಟ್ಟಿದ್ದರೋ ಎಂಬಂತೆ ಹೊರಗೆ ಬಂತು.

"ಎಲ್ಲಿ ಹೋಯ್ತು ಸ್ವಾಮಿ ತುಕ್ಕು?" ಎಂದಳು.

ಎರಡನೆಯದು ಬಂತು. ಮೂರನೆಯದು ಬಂತು. ನಾಲ್ಕನೆಯದು ಬರುವಾಗ ತಟ್ಟೆ ಕೈಗೆ ಜಾರಿತು, ಅಧಿಕಾರಿ ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನು ಮೇಜಿನ ಮೇಲೆ ಒಳಮೈ ಮೇಲಾಗಿ ಮಲಗಿಸಿದರು.

ಇತ್ತು! ಹಿತ್ತಾಳೆಯ ಮೇಲೆ ಕೂದಲೆಳೆಯ ಗೀರುಗಳ ಸಾಲು. ಬರಿಗಣ್ಣಿಗೆ ಗೀರೆಂದು ಗೊತ್ತಾಗುತ್ತಿತ್ತು, ಓದಲು ಆಗುತ್ತಿರಲಿಲ್ಲ. ಬೆಂಕಿಪೊಟ್ಟಣ ಭೂತಗನ್ನಡಿಯ ಎದುರು ಅಂಗೈ ಚಾಚಿದಳು. ಅವನು ಕೊರಳಿನ ದಾರ ತೆಗೆದು ಮಸೂರ ಕೊಟ್ಟ.

ಅವಳು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ಎಡಗಡೆಯಿಂದ ಚುಕ್ಕಿ, ಚುಕ್ಕಿ, ಚುಕ್ಕಿ. ಎಲ್ಲ ಯಜಮಾನರ ಕೈ, ಹಳೇ ವರ್ಷಗಳು. ಅವಳಿಗೆ ಬೇಕಾದ್ದು ಕೊನೆಯದು. ನೇರ ಸಾಲಿನ ಕೊನೆಗೆ ಹೋದಳು.

ಕತ್ತರಿ.

ಐದು ತಿಂಗಳ ಸಂಕಟವೆಲ್ಲ ಒಂದೇ ಉಸಿರಿಗೆ ಹೊರಬಂತು.

"ಕತ್ತರಿ!" ಎಂದು ಕೂಗಿದಳು. "ಬರ್ಕೊಳ್ಳಿ! ತಟ್ಟೆಯ ಒಳಮೈ ಮೇಲೆ ಕೊನೇ ಗುರುತು ಕತ್ತರಿ. ಅದು ಈ ಮನುಷ್ಯನ ಗುರುತು. ಟಪಾಲಣ್ಣನ ವಾಚಲ್ಲೂ ಇದೇ ಇದೆ, ಹೊಂದಿಸಿ ನೋಡ್ಬಹುದು. ಈ ತಟ್ಟೆ ಬಿಚ್ಚಿದ್ದು ನನ್ನ ಕಕ್ಷಿದಾರರಲ್ಲ, ಇವನು! ಒಂದಕ್ಷರ ಬಿಡದೆ ಬರ್ಕೊಳ್ಳಿ. ತಾರೀಕು ಓದ್ತೀನಿ, ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆಯುತ್ತಲೇ ಇದ್ದ. ಭೂತಗನ್ನಡಿ ಕಬ್ಬಿಣದ ಕಪಾಟಿಗೆ ಒರಗಿ ಕಣ್ಣು ಮುಚ್ಚಿಕೊಂಡ.

ಅವಳು ತಾರೀಕು ಓದಿದಳು. ಇನ್ನೊಮ್ಮೆ ಓದಿದಳು.

ಅದು ದಾಳಿಗೆ ಮೊದಲಿನ ತಾರೀಕಲ್ಲ. ದಾಳಿಯಾಗಿ ಎರಡು ತಿಂಗಳ ಮೇಲಿನದು. ವರದಿಯ ಕೊನೆಯಲ್ಲಿ ಅವನ ರುಜುವಿನ ಕೆಳಗಿದ್ದ ತಾರೀಕೇ ಇದು. ಅಂದರೆ ಮುದುಕ ಇಲ್ಲಿಗೆ ಬಂದು, ತಟ್ಟೆ ಬಿಚ್ಚಿ, ಒಳಗೆ ಏನೋ ನೋಡಿ, ಮುಚ್ಚಿದ್ದ. ಮುಚ್ಚುವಾಗ ಹಳೇ ಅಭ್ಯಾಸಕ್ಕೆ ತಾರೀಕು ಗೀರಿದ್ದ. ಆಮೇಲೆ, ಬಿಚ್ಚಲಾಗಲಿಲ್ಲ ಎಂದು ಸುಳ್ಳು ಬರೆದಿದ್ದ.

ಏನು ನೋಡಿ?

ಮಸೂರವನ್ನು ಒಂದು ಬೆರಳಗಲ ಎಡಕ್ಕೆ ಸರಿಸಿದಳು.

ಕತ್ತರಿಯ ಹಿಂದೆ, ಯಜಮಾನರ ಕೊನೆಯ ಚುಕ್ಕಿಯ ಮುಂದೆ, ಇನ್ನೊಂದು ತಾರೀಕಿತ್ತು. ಗೀರು ಸ್ವಲ್ಪ ಅಡ್ಡಾದಿಡ್ಡಿ, ಕೈ ಅಳುಕಿದ ಹಾಗೆ. ದಾಳಿಯಾದ ತಿಂಗಳಿನ ಹದಿನೆಂಟು. ದಾಳಿಗೆ ಮೂರು ದಿನ ಮುಂಚೆ.

ಅದರ ಪಕ್ಕದಲ್ಲಿ ಅಚ್ಚುಕಟ್ಟಾದ ಅರ್ಧಚಂದ್ರ.

ಬೆಂಕಿಪೊಟ್ಟಣ ಸಾಲನ್ನು ಮತ್ತೊಮ್ಮೆ ಕೊನೆತನಕ ನೋಡಿದಳು. ಬೇರೆ ಯಾವ ಗುರುತೂ ಇಲ್ಲ. ಚಿನ್ನ ಇಟ್ಟವನು ಗುರುತು ಹಾಕುವ ಕಸುಬಿನವನಲ್ಲ. ಅಪ್ಪ ತಿರುಪು ತಿರುಗಿಸುವುದನ್ನು ಚಿಕ್ಕಂದಿನಿಂದ ನೋಡಿಕೊಂಡು ಬೆಳೆದ ತಮ್ಮನೇ ಬಿಚ್ಚಿ ಇಟ್ಟಿದ್ದಾನೆ. ಆಮೇಲೆ ಅಕ್ಕ ಬಿಚ್ಚಿದ್ದಾಳೆ. ಬಿಚ್ಚಿ, ಚಿನ್ನ ನೋಡಿದ್ದಾಳೆ. ನೋಡಿ, ತಾರೀಕು ಹಾಕಿ, ಮುಚ್ಚಿದ್ದಾಳೆ.

ಗೊತ್ತಿರಲಿಲ್ಲ ಎಂಬ ಒಂದೇ ಬಾಗಿಲು. ಅದನ್ನು ತಾನೇ ಕೈಯಾರೆ ಮುಚ್ಚಿ ಅಗಳಿ ಹಾಕಿದೆನಲ್ಲ! ಇದನ್ನು ಮುಚ್ಚಿಡಲು ಒಬ್ಬ ಮುದುಕ ತನ್ನ ಹೆಸರು ಕೆಡಿಸಿಕೊಂಡು ಸುಳ್ಳು ಬರೆದ. ಹೊರಗೆ ಬನ್ನಿ ಎಂದು ಕೈ ಮುಗಿದ. ಅವನ ಮುಖಕ್ಕೆ ಉಗಿದು, ಕ್ಯಾಮೆರಾ ಹಾಕಿಸಿ, ಬರ್ಕೊಳ್ಳಿ ಬರ್ಕೊಳ್ಳಿ ಎಂದು ಬಾಯಿ ಹರಿದುಕೊಂಡದ್ದು ಯಾರು?

ತನ್ನ ಮೇಲೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆ ಸಿಟ್ಟು ಅಲ್ಲಿ ನಿಲ್ಲದೆ ಅಕ್ಕನ ಮೇಲೆ ತಿರುಗಿತು. ಪ್ರಮಾಣ ಮಾಡಿ ರುಜು ಹಾಕಿದಳಲ್ಲ, ಇವಳು! ವಕೀಲೆಯ ಹತ್ತಿರವೂ ಸುಳ್ಳೇ? ತಲೆಯೆತ್ತದೆ, ಮಸೂರ ತೆಗೆಯದೆ, ತುಟಿಯಷ್ಟೇ ಅಲುಗಿಸಿ ಕರೆದಳು.

"ಅಕ್ಕ, ಇಲ್ಲಿ ಬನ್ನಿ."

ಅಕ್ಕ ಬಂದು ಪಕ್ಕದಲ್ಲಿ ಬಗ್ಗಿದಳು. ಅವಳಿಗೆ ಮಸೂರ ಬೇಕಾಗಲಿಲ್ಲ.

"ಯಾಕ್ರೀ ಹೇಳ್ಲಿಲ್ಲ?" ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು ವಕೀಲೆ. "ನನಗೊಬ್ಬಳಿಗಾದ್ರೂ ಹೇಳ್ಬಹುದಿತ್ತಲ್ಲ? ಬೇಡ ಬೇಡ ಅಂತ ಮೂರು ದಿನ ಅಂದ್ರಲ್ಲ, ಯಾಕೆ ಬೇಡ ಅಂತ ಒಂದು ಸಲ ಅಂದಿದ್ರೆ ಸಾಕಿತ್ತಲ್ಲ?"

"ಗಂಟೆ ಹೊಡೀದೆ ನಿಂತಿದ್ದ ಗಡಿಯಾರದ ಮುಂದೆ ಧೂಳು ಒರೆಸಿದ್ದು ಕಾಣ್ತು ಮೇಡಂ. ನಾನು ಒರೆಸಿರ್ಲಿಲ್ಲ. ಅದಕ್ಕೇ ಬಿಚ್ಚಿ ನೋಡ್ದೆ," ಎಂದಳು ಅಕ್ಕ, ಅಷ್ಟೇ ಮೆಲ್ಲಗೆ. "ಮುಚ್ಚೋವಾಗ ಕೈ ನಡುಗ್ತಾ ಇತ್ತು. ಆದ್ರೂ ತಾರೀಕು ಹಾಕ್ದೆ. ಹಾಕದೆ ಮುಚ್ಚೋಕೆ ನನ್ನ ಕೈಗೆ ಬರಲ್ಲ."

"ನೋಡಿದ ಮೇಲೆ ಏನ್ಮಾಡಿದ್ರಿ? ಮೂರು ದಿನ ಸುಮ್ನೆ ಕೂತಿದ್ರಾ?"

ಅಕ್ಕನ ಕಣ್ಣು ತಾನು ಗೀರಿದ ತಾರೀಕಿನ ಮೇಲೇ ಇತ್ತು.

ಹದಿನೆಂಟು. ಬೆಂಕಿಪೊಟ್ಟಣದ ತಲೆಯಲ್ಲಿ ಅಂಕಿಗಳು ಒಂದರ ಪಕ್ಕ ಒಂದು ಬಂದು ಕೂತವು. ಹದಿನೆಂಟಕ್ಕೆ ಅಕ್ಕ ಗಡಿಯಾರ ಬಿಚ್ಚಿದಳು. ಹತ್ತೊಂಬತ್ತರ ಬೆಳಿಗ್ಗೆ ಬಸ್ ನಿಲ್ದಾಣದಿಂದ ಫೋನ್ ಬಂತು. ಯಾರೋ ಹೆಂಗಸು.

ಸಿಟ್ಟು ಅಲ್ಲಿಗೇ ಇಳಿಯಿತು. ಗೊತ್ತಾದ ಕೂಡಲೇ ತಾನೇ ಸುಳಿವು ಕೊಟ್ಟ ಮಾಲೀಕಳ ಆಸ್ತಿಯನ್ನು ಯಾವ ನ್ಯಾಯಾಧೀಶನೂ ಮುಟ್ಟುವಂತಿಲ್ಲ. ಅಂಗಡಿ ಉಳಿಯುತ್ತದೆ, ಮನೆ ಉಳಿಯುತ್ತದೆ. ಒಂದೇ ಒಂದು ಮಾತು, ಕ್ಯಾಮೆರಾ ಮುಂದೆ, ಸೋಮವಾರ ತುಂಬಿದ ಕೋರ್ಟಿನ ಮುಂದೆ. ಆ ಕೋರ್ಟಿಗೆ ಜೈಲಿನಿಂದ ತಮ್ಮನನ್ನೂ ಕರೆತರುತ್ತಾರೆ.

"ಅಕ್ಕ," ಎಂದಳು. ಈ ಸಲ ದನಿಯಲ್ಲಿ ಬೆಂಕಿ ಇರಲಿಲ್ಲ. "ಆ ಫೋನ್ ಮಾಡಿದ್ದು…"

ಅಕ್ಕ ಕೈಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಎದೆಗೊತ್ತಿಕೊಂಡಳು.

"ವಾರ ವಾರ ಕಾಗದ ಬರೀತಾನೆ ಮೇಡಂ. ಎಲ್ಲದರಲ್ಲೂ ಒಂದೇ ಮಾತು. 'ಅಕ್ಕ, ನನ್ನ ಹಿಡಿದುಕೊಟ್ಟಿದ್ದು ಯಾರು ಅಂತ ಹೇಗಾದ್ರೂ ಪತ್ತೆ ಮಾಡು. ನಿನ್ನ ಬಿಟ್ರೆ ನನಗ್ಯಾರಿದಾರೆ' ಅಂತ."

ಮೇಜಿನ ಆಚೆ ಪೆನ್ನು ನಿಂತಿತು. ಅಧಿಕಾರಿಯ ಮುಖಕ್ಕೆ ಆ ಹಳೇ ನಗು ಮತ್ತೆ ಬಂದಿತ್ತು. ಟಾರ್ಚಿನ ಬೆಳಕನ್ನು ತಟ್ಟೆಯ ಮೇಲಿನಿಂದ ನಿಧಾನವಾಗಿ ಅಕ್ಕನ ಕೈಚೀಲದ ತನಕ ತಂದು, ಮತ್ತೆ ತಟ್ಟೆಯ ಮೇಲಿಟ್ಟ.

"ಕತ್ತರಿ ಬರ್ಕೊಂಡೆ ಮೇಡಂ," ಎಂದು ಅವಳ ಕಣ್ಣಿನ ಮುಂದೆ ಅಂಗೈ ಚಾಚಿದ. "ಅದರ ಹಿಂದಿನದನ್ನ ನೀವೇ ಓದ್ತೀರಾ, ಇಲ್ಲ ಮಸೂರ ಇಲ್ಲಿ ಕೊಡ್ತೀರಾ?"